ಆಟವೂ ಅದರ ಕಟ್ಟಳೆಯೂ

ವಿಡಿಯೋ ಆಟಗಳನ್ನು ಕುರಿತು ನಮ್ಮ ವಿದ್ಯಾವಂತ ಮನೆಗಳಲ್ಲಿ ಈಚೆಗೆ ನಡೆಯುತ್ತಿರುವ ವಾಗ್ವಾದವನ್ನು ಕೇಳಿದವರಿಗೆ ಒಂದು ಸಂಗತಿ ತೋರದೆ ಇರದು. ಹಿರಿಯರು ಈ ಆಟಗಳನ್ನು ಹಳಿಯುವರು, ಕಿರಿಯರು ಹೊಗಳುವರು. ಹಿರಿಯರ ಮಾತೆಲ್ಲ ತೆರೆಯ ಮೇಲೆ ಕಾಣುವ ರಕ್ತ, ಬಂದೂಕು, ಬೊಬ್ಬೆಗಳನ್ನು ಕುರಿತದ್ದು; ಕಿರಿಯರ ಮಾತೆಲ್ಲ ಅದೇ ತೆರೆಯ ಬಣ್ಣ, ಬೆಳಕು, ವೇಗಗಳನ್ನು ಕುರಿತದ್ದು. ಇಬ್ಬರೂ ನೋಡುತ್ತಿರುವುದು ಚಿತ್ರವನ್ನು. ಆಟವನ್ನು ನೋಡುವವರು ಯಾರೂ ಇಲ್ಲ. ಆಡುವವನು ಏನನ್ನು ಮಾಡಬಹುದು, ಏನನ್ನು ಮಾಡಕೂಡದು, ಮಾಡಿದ್ದಕ್ಕೆ ಫಲವೇನು, ಗೆಲವು ಯಾವುದರಿಂದ, ಸೋಲು ಯಾವುದರಿಂದ, ಇವೇ ಆಟದ ಕಟ್ಟಳೆಗಳು. ಇವನ್ನು ತಿಳಿಯದೆ ಆಟವನ್ನು ಹೊಗಳುವುದೂ ಹಳಿಯುವುದೂ, ಕಟ್ಟುವುದೂ ಕೊಳ್ಳುವುದೂ ಒಂದೇ ಬಗೆಯ ಅವಿವೇಕವೆಂಬುದು ನಮ್ಮ ಪಕ್ಷ.

ಬನ್ನೂರಿನವರಿಗೆ ಈ ಮಾತು ಹೊಸದಾಗಿ ತೋರಬಾರದು. ವ್ಯಾಸತೀರ್ಥರು ಜನಿಸಿದ ಊರಿದು. ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕೆಗಳನ್ನು ರಚಿಸಿದ ಆ ಮಹನೀಯರು ಎದುರು ಪಕ್ಷದ ಮತವನ್ನು ಮೊದಲು ಕೂಲಂಕಷವಾಗಿ ನಿರೂಪಿಸಿ ಅನಂತರವೇ ಖಂಡನೆಗೆ ಕೈಹಾಕಿದರು. ಆದುದರಿಂದಲೇ ಮಧುಸೂದನ ಸರಸ್ವತಿಗಳಂತಹ ಮೇಧಾವಿಗಳು ನ್ಯಾಯಾಮೃತಕ್ಕೆ ಉತ್ತರವಾಗಿ ಅದ್ವೈತಸಿದ್ಧಿಯಂತಹ ಮಹಾಗ್ರಂಥವನ್ನೇ ಬರೆಯಬೇಕಾಯಿತು. ಪೂರ್ವಪಕ್ಷವನ್ನರಿಯದ ಖಂಡನೆಗೆ ಶಾಸ್ತ್ರದಲ್ಲಿ ಬೆಲೆಯಿಲ್ಲ. ಆಟದ ವಿಷಯದಲ್ಲಿ ಪೂರ್ವಪಕ್ಷವೆಂದರೆ ಅದರ ಕಟ್ಟಳೆಯೇ.

ಚಿತ್ರಕ್ಕೂ ಕಟ್ಟಳೆಗೂ ಇರುವ ಭೇದವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಕುರಿಗೆ ನಾಡಿನಲ್ಲೆಲ್ಲ ಹೆಸರಾದ ಈ ಊರಿನಲ್ಲಿ ಹುಲಿ-ಕುರಿಯಾಟವನ್ನೇ ಎತ್ತಿಕೊಳ್ಳೋಣ. ಜಗಲಿಯ ಮೇಲೆ ಇದ್ದಿಲಿನಿಂದ ಗೆರೆಯೆಳೆದರೆ ಮಣೆ ಸಿದ್ಧ. ದಕ್ಷಿಣ ದೇಶದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಗೆರೆಗಳು ಕೂಡುವ ಸಂಧಿಗಳು 23; ಹುಲಿಗಳು 3; ಕುರಿಗಳು 15. ದಪ್ಪ ಕಲ್ಲು ಹುಲಿಯಾಗುವುದು, ಹುಣಿಸೆಯ ಬೀಜ ಕುರಿಯಾಗುವುದು. ಇಲ್ಲಿ ಚಿತ್ರವೆಂಬುದೇ ಇಲ್ಲ. ಆದರೂ ಹುಲಿಯ ಕ್ರೌರ್ಯವೂ ಕುರಿಯ ಭಯವೂ ಆಡುವವರ ಎದೆಗೆ ಮುಟ್ಟುವುವು. ಹೇಗೆ? ಹುಲಿಯು ನೆರೆಯ ಕುರಿಯನ್ನು ಹಾರಿ ಅದರಾಚೆಯ ತೆರವಾದ ಸಂಧಿಗೆ ನೇರವಾಗಿ ಇಳಿದರೆ ಆ ಕುರಿ ಸತ್ತಿತು. ಕುರಿಗೆ ಹಾರುವ ಶಕ್ತಿಯಿಲ್ಲ. ಅದಕ್ಕಿರುವ ಬಲ ಒಂದೇ, ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವುದು. ಹಿಂದೆ ಇನ್ನೊಂದು ಕುರಿಯಿದ್ದರೆ ಮುಂದಿನದನ್ನು ಹುಲಿಯು ಮುಟ್ಟಲಾರದು. ಒಗ್ಗಟ್ಟಿನ ಮಹಿಮೆಯನ್ನು ಪಾಠದ ಪುಸ್ತಕವು ಹತ್ತು ಪುಟಗಳಲ್ಲಿ ಬೋಧಿಸುವುದನ್ನು ಈ ಒಂದು ಕಟ್ಟಳೆಯು ಮಾತಿಲ್ಲದೆ ಕಲಿಸಿಬಿಡುವುದು.

ಅದೇ ಆಟದಲ್ಲಿ ಇನ್ನೊಂದು ಕಟ್ಟಳೆಯುಂಟು. ಕುರಿಗಳನ್ನೆಲ್ಲ ಒಂದೊಂದಾಗಿ ಮಣೆಯ ಮೇಲೆ ಇಟ್ಟು ಮುಗಿಸುವವರೆಗೆ ಯಾವ ಕುರಿಯನ್ನೂ ಕದಲಿಸಕೂಡದು. ಅವಸರದ ಹುಡುಗರು ಇದನ್ನು ಅಲ್ಪವೆಂದು ಬಿಟ್ಟು, ನಾಲ್ಕು ಕುರಿ ಇಟ್ಟೊಡನೆ ನಡೆಸತೊಡಗುವರು. ಆಗ ನೋಡಲು ಆಟವು ಹಾಗೆಯೇ ಇರುವುದು. ಮಣೆ ಅದೇ, ಕಲ್ಲು ಅದೇ. ಆದರೆ ಇಟ್ಟ ಕುರಿಯನ್ನು ಹಿಂದಕ್ಕೆ ತೆಗೆಯಲಾಗದೆಂಬ ಭಯವು ಹೋಯಿತು. ಭಯ ಹೋದೊಡನೆ ಇಡುವ ಮುಂಚೆ ಯೋಚಿಸುವ ವಿವೇಕವೂ ಹೋಯಿತು. ಮನೆಯಲ್ಲಿ ಒಂದು ಕಂಬ ತೆಗೆದರೆ ಮಾಳಿಗೆ ಬೀಳುವುದನ್ನು ಎಲ್ಲರೂ ಕಾಣುವರು. ಆಟದಲ್ಲಿ ಕಟ್ಟಳೆ ತೆಗೆದರೆ ಬಿದ್ದುದು ಕಣ್ಣಿಗೆ ಕಾಣುವುದಿಲ್ಲ. ಅದೇ ಅಪಾಯ.

ಚೌಕಾಬಾರದ ಕಥೆಯು ಇನ್ನೂ ಸ್ವಾರಸ್ಯವುಳ್ಳದ್ದು. 25 ಮನೆಗಳ ಚೌಕ, 4 ಕವಡೆ, ಒಬ್ಬೊಬ್ಬರಿಗೆ 4 ಕಾಯಿ. ಕವಡೆಗಳ ಬಾಯೆಲ್ಲ ಮೇಲಾದರೆ ಚೌಕ, ಅಂದರೆ 4. ಎಲ್ಲವೂ ಬೋರಲಾದರೆ ಬಾರ, ಅಂದರೆ 8. ಈ ಎರಡು ಗರಗಳು ಬಿದ್ದವರಿಗೆ ಮತ್ತೊಂದು ಎಸೆತವುಂಟು. ಕವಡೆಯು ಎರಡು ಮಗ್ಗುಲಿಗೂ ಸಮವಾಗಿ ಬೀಳುವುದೆಂದು ಇಟ್ಟುಕೊಂಡರೆ, 16 ಎಸೆತಗಳಿಗೆ ಸರಾಸರಿ 4 ಸಲ ಒಂದು, 6 ಸಲ ಎರಡು, 4 ಸಲ ಮೂರು, 1 ಸಲ ಚೌಕ, 1 ಸಲ ಬಾರ ಬೀಳುವುದೆಂದು ಲೆಕ್ಕ ಬಲ್ಲವರು ಹೇಳುವರು. ಆದಕಾರಣ ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ನಿಲ್ಲುವುದು ಅಪಾಯ. ನಾಲ್ಕು ಮನೆ ಮುಂದೆ ನಿಲ್ಲುವುದು ಅದಕ್ಕಿಂತ ಬಹಳ ಕ್ಷೇಮ. ನಮ್ಮ ಅಜ್ಜಿಯರು ಗಣಿತದ ಈ ಭಾಗವನ್ನು ಯಾವ ಶಾಲೆಯಲ್ಲಿಯೂ ಓದಿದವರಲ್ಲ. ಆದರೂ ಕಾಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವರು ಬಲ್ಲರು. ಕವಡೆಯ ಕಟ್ಟಳೆಯೇ ಅವರಿಗೆ ಗುರು.

ಇದರ ಮೇಲೆ ಅನೇಕ ಮನೆತನಗಳಲ್ಲಿ ನಡೆದುಬಂದ ಮತ್ತೊಂದು ನಿಯಮ: ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಯಾರೂ ಒಳಸುತ್ತನ್ನು ಪ್ರವೇಶಿಸಕೂಡದು. ಒಳಸುತ್ತಿಗೆ ಹೋಗದೆ ಕಾಯಿ ಹಣ್ಣಾಗದು. ಆಟದ ಜೀವವಿರುವುದು ಇಲ್ಲಿಯೇ. ಈ ನಿಯಮವಿದ್ದರೆ ಅಂಜುಬುರುಕನೂ ಕಟ್ಟೆಮನೆಯ ಆಶ್ರಯವನ್ನು ಬಿಟ್ಟು ಬಯಲಿಗೆ ಬಂದು ಸೆಣಸಲೇಬೇಕು. ಇಲ್ಲದಿದ್ದರೆ ಆಟವು ಬರಿಯ ಓಟವಾಗುವುದು, ಯಾರಿಗೆ ದೊಡ್ಡ ಗರ ಬಿದ್ದಿತೋ ಅವರು ಗೆದ್ದರು.

ಈ ಕುಟುಂಬಕ್ಕೆ ಸೇರಿದ ಪಚ್ಚೀಸಿಗೆ ಒದಗಿದ ಗತಿಯನ್ನು ವಾಚಕರು ಬಲ್ಲರು. 1896ರಲ್ಲಿ ಇಂಗ್ಲೆಂಡಿನಲ್ಲಿ ಅದು ಲೂಡೋ ಎಂಬ ಹೆಸರಿನಿಂದ ಪೇಟೆಂಟು ಪಡೆಯಿತು. ಕವಡೆಗಳು ಹೋಗಿ ಆರು ಮುಖದ ಒಂದು ದಾಳ ಬಂದಿತು; ಹೆಚ್ಚು ಸಲ ಬೀಳುವ ಗರ, ಅಪೂರ್ವವಾಗಿ ಬೀಳುವ ಗರ ಎಂಬ ಭೇದವಳಿದು ಎಲ್ಲ ಅಂಕೆಗಳೂ ಸಮವಾದುವು. ಎದುರುಬದುರು ಕುಳಿತ ಇಬ್ಬರು ಜೊತೆಗಾರರಾಗಿ, ಒಬ್ಬನ ಕಾಯಿಗಾಗಿ ಇನ್ನೊಬ್ಬನು ತನ್ನ ಲಾಭವನ್ನು ಬಿಡುವ ಏರ್ಪಾಡು ಹೋಗಿ, ನಾಲ್ವರೂ ತಮ್ಮ ತಮ್ಮ ಪಾಡಿಗೆ ಓಡುವುದು ಬಂದಿತು. ಮಕ್ಕಳಿಗೆ ಸುಲಭವಾಗಲೆಂದು ಹೀಗೆ ಮಾಡಿದರು. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ತೆಳುವಾದ ಆಟವೇ 2016ರಲ್ಲಿ ಮುಂಬಯಿ ಕಡೆಯ ಒಂದು ಸಂಸ್ಥೆಯಿಂದ ಲೂಡೋ ಕಿಂಗ್ ಎಂದು ಮೊಬೈಲಿಗೆ ಬಂದು, 2020ರ ಲಾಕ್‌ಡೌನ್ ದಿನಗಳಲ್ಲಿ ಮನೆಮನೆಯನ್ನೂ ಹೊಕ್ಕಿತು. ಅದನ್ನು ಕಂಡು "ನಮ್ಮ ಪುರಾತನ ಕ್ರೀಡೆ ಮರಳಿ ಬಂದಿತು" ಎಂದು ಹಿಗ್ಗಿದವರು ಎಷ್ಟೋ ಮಂದಿ. ಮರಳಿ ಬಂದುದು ಮಣೆಯ ಆಕಾರ. ಕವಡೆಯ ಲೆಕ್ಕವೂ ಜೊತೆಗಾರನ ಧರ್ಮವೂ ಬರಲಿಲ್ಲ. ಬರಲಿಲ್ಲವೆಂಬುದನ್ನು ಗಮನಿಸಿದವರೂ ಇಲ್ಲ.

ಕಟ್ಟಳೆಯನ್ನು ಬರೆದಿಡುವ ಸಂಪ್ರದಾಯ ನಮ್ಮ ನಾಡಿಗೆ ಅಪರಿಚಿತವೇನೂ ಅಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ರಾಜ್ಯಭಾರ, ಅಡಿಗೆ, ಸಂಗೀತಗಳ ಜೊತೆಗೆ ಕ್ರೀಡೆಗಳಿಗೂ ಸ್ಥಾನ ಕೊಟ್ಟನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಮಣೆಯಾಟಗಳಲ್ಲಿಯೂ ಚದುರಂಗದ ಕುದುರೆಯ ನಡೆಯ ಸಮಸ್ಯೆಗಳಲ್ಲಿಯೂ ತೋರಿದ ಆಸ್ಥೆ ಲೋಕಪ್ರಸಿದ್ಧವಾದುದು. ಒಂಬತ್ತು ನಿಧಿಗಳ ಅವರ ಶ್ರೀತತ್ತ್ವನಿಧಿಯಲ್ಲಿ ಕೊನೆಯದಾದ ಕೌತುಕನಿಧಿಯು ಆಟಗಳ ಭಂಡಾರ. ಅವರು ಕಲ್ಪಿಸಿದ ಗಂಜೀಫಾ ಆಟಗಳಲ್ಲಿ ಕೆಲವಕ್ಕೆ 18 ರಂಗುಗಳು. ಸಾಮಾನ್ಯವಾಗಿ ಒಂದೊಂದು ರಂಗಿಗೆ 12 ಅಂಕೆಯ ಎಲೆಗಳು, 6 ರಾಜಪರಿವಾರದ ಎಲೆಗಳು. ಕಟ್ಟಿನಲ್ಲಿ 360 ಎಲೆಗಳವರೆಗೂ ಉಂಟು. ಯಾವುದು ಯಾವಾಗಲೂ ತುರುಫು, ಯಾವುದು ಯಾವುದರ ಬದಲಿಗೆ ನಿಲ್ಲಬಲ್ಲದು ಎಂಬುದನ್ನೆಲ್ಲ ಆ ದೊರೆ ಗೊತ್ತುಮಾಡಿದ್ದರು.

ಈಗ ಆದದ್ದೇನು? ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ದಶಾವತಾರದ ಎಲೆಗಳನ್ನು ಗಾಜಿನ ಚೌಕಟ್ಟಿನಲ್ಲಿಟ್ಟು ಗೋಡೆಗೆ ತೂಗುಹಾಕುವರು. ಅದನ್ನು ಆಡುವವರೆಲ್ಲಿ? ಚಿತ್ರ ಉಳಿಯಿತು, ಆಟ ಅಳಿಯಿತು. ಒಡೆಯರ ಆ ಆಟಗಳು ಬಹಳ ತೊಡಕಿನವಾದುದರಿಂದ ಅರಮನೆಯ ಹೊಸ್ತಿಲನ್ನು ದಾಟಲೇ ಇಲ್ಲವೆಂದು ಬಲ್ಲವರು ಹೇಳುವರು. ಹಾಗಿದ್ದರೆ ನಮ್ಮ ವಾದಕ್ಕೆ ಅದೂ ಬಲವೇ. ಅಷ್ಟು ಸೊಗಸಾದ ಚಿತ್ರಗಳೂ ಆ ಆಟಗಳನ್ನು ಬದುಕಿಸಲಾರದೆ ಹೋದುವು. ಇದ್ದಿಲಿನ ಗೆರೆಯ ಚೌಕಾಬಾರವು ಮಾತ್ರ ಕಟ್ಟಳೆಯ ಬಲವೊಂದರಿಂದಲೇ ಬದುಕಿತು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಮಣೆಯಾಟಗಳನ್ನು ಪ್ರದರ್ಶನಗಳ ಮೂಲಕ ಜನರ ಮುಂದಿಟ್ಟದ್ದು ಶ್ಲಾಘ್ಯವಾದ ಕಾರ್ಯ. ಆದರೆ ಅಂಥ ಮಣೆಯನ್ನು ಕೊಂಡು ತಂದು, ಆಡದೆ, ನಡುಮನೆಯಲ್ಲಿ ಅಲಂಕಾರಕ್ಕಿಟ್ಟು ಸಂಸ್ಕೃತಿಯನ್ನು ಉಳಿಸಿದೆವೆಂದು ತೃಪ್ತಿಪಡುವವರಿಗೆ ಏನು ಹೇಳೋಣ!

ಇದೇ ರೋಗವು ಹೊಸ ಆಟಗಳನ್ನು ಕಟ್ಟುವವರಲ್ಲಿಯೂ ಇದೆ. ಬೆಂಗಳೂರಿನಲ್ಲಿ 1997ರಲ್ಲಿಯೇ ಧ್ರುವ ಇಂಟರ್ಯಾಕ್ಟಿವ್ ಎಂಬ ಸಂಸ್ಥೆ ಹುಟ್ಟಿತು. ಈ ಉದ್ಯಮದಲ್ಲಿ ದೇಶಕ್ಕೇ ಮೊದಲಿಗರ ಸಾಲಿನದು. ಅದಕ್ಕೆ ಬಹುಕಾಲ ದೊರೆತ ಕೆಲಸವೆಂದರೆ ಹೊರದೇಶದವರ ಆಟಗಳಿಗೆ ಚಿತ್ರ ಬಿಡಿಸಿಕೊಡುವುದು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡಿತು. ಕಟ್ಟಳೆಯನ್ನು ಕಲ್ಪಿಸುವವರು ಅಲ್ಲಿ, ಬಣ್ಣ ತುಂಬುವವರು ಇಲ್ಲಿ, ಎಂಬ ಕೆಲಸದ ಹಂಚಿಕೆಯು ನಮ್ಮ ಯುವಕರ ಕೈಗೆ ಕುಶಲತೆಯನ್ನು ತಂದಿತು, ಸಂದೇಹವಿಲ್ಲ. ಆದರೆ ಆಟವೆಂದರೆ ಬಣ್ಣವೇ ಎಂಬ ಭ್ರಮೆಯನ್ನೂ ತಂದಿತೆಂದು ನಮಗೆ ತೋರುವುದು.

ಅದರ ಫಲವನ್ನು 2021ರಲ್ಲಿ ಕಂಡೆವು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ಆಟವನ್ನು ಸರ್ಕಾರವು ನಿಷೇಧಿಸಿದ ಬೆನ್ನಿಗೇ, ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರು ಫೌ-ಜಿ ಎಂಬ ಸ್ವದೇಶೀ ಆಟವನ್ನು ಸಾರಿದರು. 2021ರ ಗಣರಾಜ್ಯೋತ್ಸವದ ದಿನ ಅದು ಬಂದಿತು. ಗಲ್ವಾನ್ ಕಣಿವೆಯ ವೀರರ ಕಥೆ, ಹಿಮಾಲಯದ ದೃಶ್ಯ, ದೇಶಭಕ್ತಿಯ ಸಂಭಾಷಣೆ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಆಡುವವನು ಮಾಡಬೇಕಾದುದೇನು? ಇಕ್ಕಟ್ಟಾದ ದಾರಿಯಲ್ಲಿ ನಡೆಯುವುದು, ಗುಂಪಾಗಿ ಬಂದವರನ್ನು ಬಡಿಯುವುದು, ಮತ್ತೆ ನಡೆಯುವುದು, ಮತ್ತೆ ಬಡಿಯುವುದು. ಹಲವರು ಕೂಡಿ ಆಡುವ ಬಗೆಯು ಮೊದಲಿಗೆ ಇರಲೇ ಇಲ್ಲ. ಕೆಲವು ತಿಂಗಳ ಮೇಲೆ ಬಂದಿತು. ಕೆಲವೇ ದಿನಗಳಲ್ಲಿ ಆಡಿದವರು ಕೊಡುವ ಅಂಕಗಳು ಇಳಿದುಹೋದುವು. ಅದರಲ್ಲಿ ಬೇರೊಂದು ಆಟದ ಅಭಿಮಾನಿಗಳ ಹಗೆಯೂ ಸೇರಿತ್ತೆಂದು ಹೇಳುವವರುಂಟು, ಇರಬಹುದು. ಆದರೆ ಹುಲಿ-ಕುರಿಯ ಮಣೆಯಲ್ಲಿರುವಷ್ಟು ಆಯ್ಕೆಯೂ ಆ ದಾರಿಯಲ್ಲಿ ಇರಲಿಲ್ಲವೆಂಬುದನ್ನು ಯಾವ ದೇಶಾಭಿಮಾನವೂ ಮುಚ್ಚಲಾರದು. ಯೋಧರ ತ್ಯಾಗವು ಆಟದ ದಾರಿದ್ರ್ಯಕ್ಕೆ ಹೊದಿಕೆಯಾಗಬಾರದು.

ಎದುರಿಗೆ ಟೆಟ್ರಿಸ್ ಎಂಬುದನ್ನು ನೋಡಿರಿ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಎಂಬಾತನು ಕಟ್ಟಿದ್ದು. ನಾಲ್ಕು ನಾಲ್ಕು ಚೌಕಗಳಿಂದಾದ 7 ಆಕಾರಗಳು ಮೇಲಿಂದ ಬೀಳುವುವು. ಸಾಲು ತುಂಬಿದರೆ ಅಳಿಯುವುದು. ರಾಜನಿಲ್ಲ, ರಾಕ್ಷಸನಿಲ್ಲ, ಕಥೆಯಿಲ್ಲ. 40 ವರ್ಷ ಕಳೆದರೂ ಲೋಕವು ಅದನ್ನು ಬಿಟ್ಟಿಲ್ಲ. ಜಪಾನಿನ ನಿಂಟೆಂಡೋ ಸಂಸ್ಥೆಯವರ ಸೂಪರ್ ಮಾರಿಯೋ (1985) ಆರಂಭವಾದೊಡನೆ ಒಂದು ಪುಟ್ಟ ಪ್ರಾಣಿ ಎದುರಿಗೆ ಬರುವುದು. ಸುಮ್ಮನೆ ನಿಂತವನು ಸಾಯುವನು, ಹಾರಿದವನು ಉಳಿಯುವನು, ತಲೆಯ ಮೇಲೆ ಹಾರಿದವನು ಗೆಲ್ಲುವನು. ಒಂದಕ್ಷರವೂ ಇಲ್ಲದೆ ಮೂರು ಕಟ್ಟಳೆಗಳ ಉಪದೇಶವಾಯಿತು. ಇದು ಕಟ್ಟಳೆಯನ್ನು ಗೌರವಿಸುವವನ ಕೆಲಸ.

"ಹಾಗಾದರೆ ಕಥೆಯೂ ಚಿತ್ರವೂ ಬೇಡವೇ?" ಎಂದು ಕೆಲವರು ಕೇಳುವರು. ಬೇಕು, ಆದರೆ ಯಾವ ಸ್ಥಾನದಲ್ಲಿ? ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥವನ್ನು ನೋಡಿದವರು ಮೇಲಿನ ಬಟ್ಟೆ, ಬಾವುಟ, ಹೂವುಗಳನ್ನು ಕಂಡು ಕೈಮುಗಿಯುವರು. ತೇರು ಚಲಿಸುವುದು ಮಾತ್ರ ಗಾಲಿಯಿಂದಲೂ ಅಚ್ಚಿನಿಂದಲೂ. ಅಲಂಕಾರವಿಲ್ಲದ ತೇರು ಮನೋಹರವಾಗದು. ಅಚ್ಚಿಲ್ಲದ ತೇರು ತೇರೇ ಆಗದು. ಕಾದಂಬರಿಯನ್ನು ಓದುವವನು ಕೇಳುವವನು, ನಾಟಕವನ್ನು ನೋಡುವವನು ನೋಡುವವನು, ಆಟವಾಡುವವನು ಮಾಡುವವನು. ಮಾಡುವವನಿಗೆ ಮಾಡಲು ಏನನ್ನು ಕೊಟ್ಟಿರಿ ಎಂಬುದೇ ಮೊದಲ ಪ್ರಶ್ನೆ.

ಆಡುವವರನ್ನೂ ನಾವು ಬಿಡುವಂತಿಲ್ಲ. ಆಟವು ತೆರೆದೊಡನೆ ಕಲಿಸಿಕೊಡುವ ಭಾಗವನ್ನು ಹಾರಿಸಿ, ಸೋತೊಡನೆ ಆಟವೇ ಮೋಸದ್ದೆಂದು ಬೈದು, ಹಣ ಕೊಟ್ಟು ಬಲವಾದ ಆಯುಧವನ್ನು ಕೊಂಡು ಗೆದ್ದೆನೆಂದು ಬೀಗುವ ತರುಣರು ಕಡಿಮೆಯಿಲ್ಲ. ಕುಸ್ತಿಯ ಪಟ್ಟುಗಳನ್ನು ಕಲಿಯದೆ ಅಖಾಡಕ್ಕಿಳಿದವನನ್ನು ನಮ್ಮ ಗರಡಿಗಳಲ್ಲಿ ಯಾರು ಪೈಲ್ವಾನನೆಂದಾರು? ಕಟ್ಟಳೆಯನ್ನು ಬಲ್ಲವನ ಸೋಲಿಗೂ ಒಂದು ಅರ್ಥವುಂಟು, ಏಕೆ ಸೋತೆನೆಂದು ಅವನು ತಿಳಿಯಬಲ್ಲನು. ಅರಿಯದವನ ಗೆಲವು ಕುರುಡನಿಗೆ ಸಿಕ್ಕಿದ ಕಾಸು.

ಆದರೆ ಹೆಚ್ಚಿನ ಹೊಣೆ ಹಿರಿಯರದೇ. ತೆರೆಯ ಮೇಲಿನ ರಕ್ತವನ್ನು ಕಂಡು ಅವರು ಬೆಚ್ಚುವರು. ಬಣ್ಣಬಣ್ಣದ ಹಣ್ಣುಗಳೋ ಮಿಠಾಯಿಗಳೋ ಕುಣಿಯುವ ಆಟವನ್ನು ನಿರುಪದ್ರವವೆಂದು ಮಗುವಿನ ಕೈಗೆ ಕೊಡುವರು. ಕೇಡು ಇರುವುದು ಚಿತ್ರದಲ್ಲಿಯೋ ಕಟ್ಟಳೆಯಲ್ಲಿಯೋ? ಕೆಲವು ಆಟಗಳಲ್ಲಿ ಮುಚ್ಚಿದ ಪೆಟ್ಟಿಗೆಯನ್ನು ಹಣಕ್ಕೆ ಮಾರುವರು. ಒಳಗೇನಿದೆಯೆಂದು ಕೊಳ್ಳುವ ಮುನ್ನ ತಿಳಿಯದು. ಚೌಕಾಬಾರದಲ್ಲಿ ಕವಡೆಗಳು ಎಲ್ಲರ ಕಣ್ಣೆದುರಿಗಿರುವುವು. ಈ ಪೆಟ್ಟಿಗೆಯಲ್ಲಿ ಕವಡೆಯನ್ನು ಎಸೆಯುವವನು ಅಂಗಡಿಯವನೇ, ಅದೂ ತೆರೆಯ ಮರೆಯಲ್ಲಿ. 2017ರಲ್ಲಿ ಚೀನಾ ದೇಶವು ಇಂತಹ ಪೆಟ್ಟಿಗೆಗಳಲ್ಲಿ ಯಾವುದು ಎಷ್ಟು ಸಲಕ್ಕೊಮ್ಮೆ ಬರುವುದೆಂಬುದನ್ನು ಪ್ರಕಟಿಸಬೇಕೆಂದು ವಿಧಿಸಿತು. 2018ರಲ್ಲಿ ಬೆಲ್ಜಿಯಂ ದೇಶದ ಅಧಿಕಾರಿಗಳು ಹಣ ಕೊಟ್ಟು ಕೊಳ್ಳುವ ಇಂಥ ಪೆಟ್ಟಿಗೆಯು ಜೂಜೇ ಎಂದು ನಿರ್ಣಯಿಸಿದರು. ಅವರು ಚಿತ್ರವನ್ನು ನೋಡಲಿಲ್ಲ. ಕಟ್ಟಳೆಯನ್ನು ಬಿಚ್ಚಿ ನೋಡಿದರು.

ನಮ್ಮಲ್ಲಿಯೂ ಕಾನೂನು ಈ ಹಾದಿಯಲ್ಲಿ ತಡವರಿಸಿದೆ. 2021ರಲ್ಲಿ ಕರ್ನಾಟಕವು ಪೊಲೀಸು ಕಾಯಿದೆಯನ್ನು ತಿದ್ದಿ ಹಣವಿಟ್ಟು ಆಡುವ ಅಂತರಜಾಲದ ಆಟಗಳನ್ನು ತಡೆಯಲೆತ್ನಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯಭಾಗಗಳನ್ನು ರದ್ದುಮಾಡಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬ ವಿವೇಚನೆಯು ಆ ವ್ಯಾಜ್ಯದ ನಡುವಿನ ಪ್ರಶ್ನೆಯಾಗಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲವಿರಲಿ ಅದೃಷ್ಟವಿರಲಿ ಹಣದ ಪಣವಿರುವ ಅಂತರಜಾಲದ ಆಟಗಳನ್ನೆಲ್ಲ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಮನೆಗಳನ್ನು ಹಾಳುಮಾಡುವ ಪಣವನ್ನು ತಡೆದುದು ಒಳ್ಳೆಯದೇ. ಆದರೆ ಕಾಯಿದೆಯು ಬಾಗಿಲನ್ನು ಮುಚ್ಚಬಲ್ಲದು, ಕಣ್ಣನ್ನು ತೆರೆಸಲಾರದು. ನಳಚಕ್ರವರ್ತಿಯು ರಾಜ್ಯವನ್ನು ಕಳೆದುಕೊಂಡದ್ದು ಪಗಡೆಯಿಂದ. ಮರಳಿ ಪಡೆದದ್ದು ಪಗಡೆಯನ್ನು ಶಪಿಸುವುದರಿಂದಲ್ಲ, ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತುದರಿಂದ. ವನವಾಸದಲ್ಲಿದ್ದ ಧರ್ಮರಾಯನಿಗೂ ಬೃಹದಶ್ವ ಮುನಿಯು ಈ ಕಥೆಯನ್ನು ಹೇಳಿ ಅದೇ ವಿದ್ಯೆಯನ್ನು ಉಪದೇಶಿಸಿದನು. ನಮ್ಮ ಪುರಾಣಕಾರರು ಆಟದ ಹೃದಯವನ್ನು ಅರಿತವನೇ ಆಟದಿಂದ ಕೆಡದವನೆಂದು ತಿಳಿದಿದ್ದರು.

ಆದಕಾರಣ ತಾಯಿತಂದೆಗಳು ಮಗುವಿನ ಕೈಯಲ್ಲಿರುವ ಆಟವನ್ನು ಕುರಿತು ಐದು ಪ್ರಶ್ನೆಗಳನ್ನು ಕೇಳಲಿ. ಇದರಲ್ಲಿ ಆಡುವವನು ಆರಿಸಿಕೊಳ್ಳತಕ್ಕದ್ದು ಏನಾದರೂ ಉಂಟೇ? ಅದೃಷ್ಟದ ಪಾಲು ಎಷ್ಟು, ಅದು ಎಲ್ಲರಿಗೂ ಕಾಣುವಂತಿದೆಯೇ? ಸೋತರೆ ಏಕೆ ಸೋತೆನೆಂದು ತಿಳಿಯುವುದೇ? ಹಣವು ಗೆಲವನ್ನು ಕೊಳ್ಳಬಲ್ಲುದೇ? ಕಡೆಯದಾಗಿ, ಆಟವು ಮುಗಿಯುವುದೇ? ಈ ಕೊನೆಯ ಪ್ರಶ್ನೆಯು ಎಲ್ಲಕ್ಕಿಂತ ಮುಖ್ಯವಾದುದು. ಚೌಕಾಬಾರದಲ್ಲಿ ನಾಲ್ಕು ಕಾಯಿಗಳೂ ಹಣ್ಣಾದರೆ ಆಟ ಮುಗಿಯಿತು, ಎಲ್ಲರೂ ಊಟಕ್ಕೆ ಏಳುವರು. ಮುಗಿಯಬಾರದೆಂದೇ ಕಟ್ಟಿದ ಆಟವು ಎಷ್ಟು ಸೌಮ್ಯವಾಗಿ ಕಂಡರೂ ಆಡುವವನ ಕಾಲವನ್ನೇ ಪಣವಾಗಿ ಇಡಿಸಿಕೊಳ್ಳುವುದು. ಈ ಐದಕ್ಕೂ ಸರಿಯಾದ ಉತ್ತರ ದೊರೆತ ಆಟದಲ್ಲಿ ಬಂದೂಕಿದ್ದರೂ ಅಂಜಬೇಕಾದುದು ಕಡಿಮೆ. ದೊರೆಯದ ಆಟದಲ್ಲಿ ಬರಿಯ ಮಿಠಾಯಿಯಿದ್ದರೂ ಎಚ್ಚರಿಕೆ ಬೇಕು.

ನಮ್ಮ ಜಿಲ್ಲೆಯ ಸಂಘಕ್ಕೂ ಒಂದು ಬಿನ್ನಹ. ಹಳ್ಳಿಹಳ್ಳಿಯ ಗಾದೆಗಳನ್ನೂ ಜನಪದ ಗೀತೆಗಳನ್ನೂ ಸಂಗ್ರಹಿಸಿದ ನಾವು ಆಟಗಳ ಕಟ್ಟಳೆಗಳನ್ನು ಬರೆದಿಟ್ಟುದು ಬಹು ಅಲ್ಪ. ತಿರುಮಕೂಡಲು ನರಸೀಪುರದಲ್ಲಿ ಒಂದು ಬಗೆ, ನಂಜನಗೂಡಿನಲ್ಲಿ ಇನ್ನೊಂದು ಬಗೆ ಇದ್ದರೆ ಎರಡನ್ನೂ ಬರೆಯಬೇಕು: ಎಷ್ಟು ಮನೆ, ಎಷ್ಟು ಕಾಯಿ, ಯಾವಾಗ ಹೊಡೆಯಬಹುದು, ಯಾವಾಗ ಕೂಡದು, ಯಾರಿಗೆ ಮತ್ತೊಂದು ಗರ. ಈ ನಿಯಮಗಳನ್ನು ಬಲ್ಲ ವೃದ್ಧೆಯರು ಇನ್ನೂ ನಮ್ಮ ನಡುಮನೆಗಳಲ್ಲಿ ಇದ್ದಾರೆ. ಕೇಳಿದರೆ ಹೇಳುವರು, ಕೇಳದಿದ್ದರೆ ತಮ್ಮೊಡನೆ ಕೊಂಡೊಯ್ಯುವರು. ನಾಳೆ ಕನ್ನಡದಲ್ಲಿ ಒಂದು ಒಳ್ಳೆಯ ವಿಡಿಯೋ ಆಟ ಹುಟ್ಟುವುದಾದರೆ ಅದರ ಬೀಜವು ಆ ಬರಹದಲ್ಲಿರುವುದು. ಬಣ್ಣ ಬಳಿಯುವವರಿಗೆ ನಮ್ಮಲ್ಲಿ ಬರವಿಲ್ಲ. ಮಣೆಯನ್ನು ಗೋಡೆಯಿಂದ ಇಳಿಸಿ ನೆಲದ ಮೇಲಿಡುವವರು ಬೇಕು.